ಗೋಣಿಯ ಮೇಲೆ ಬರೆದದ್ದೂ ಚಿತ್ರವೇ: ಕಲಾ ಪ್ರದರ್ಶನಗಳ ಆಯ್ಕೆ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ರಾಜ್ಯಮಟ್ಟದ ವಾರ್ಷಿಕ ಕಲಾ ಪ್ರದರ್ಶನಗಳನ್ನು ನಡೆಸುವ ಸಂಸ್ಥೆಗಳ ಅಧ್ಯಕ್ಷರು ಹಾಗೂ ಆಯ್ಕೆ ಸಮಿತಿಗಳ ಸದಸ್ಯರಿಗೆ

ವಿಷಯ: ಚಿತ್ರಕಲಾ ವಿಭಾಗದ ಅರ್ಜಿಯಲ್ಲಿರುವ ‘ಮಾಧ್ಯಮ’ಗಳ ಪಟ್ಟಿಯನ್ನು ಕೈಬಿಡುವ ಕುರಿತು

ಮಾನ್ಯರೇ,

ನಾನು ಸಾಗರ ಸೀಮೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಈ ಪತ್ರಕ್ಕೆ ಕಾರಣವಾದ ಘಟನೆ ಒಂದು ಸಂಸ್ಥೆಯ ಆವರಣದಲ್ಲಿ ನಡೆದದ್ದಾದರೂ ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನವರನ್ನು ಕಟಕಟೆಗೆ ತಂದು ನಿಲ್ಲಿಸುವುದು ನನ್ನ ಉದ್ದೇಶವಲ್ಲ; ಅವರು ಹಾಗೆ ನಡೆದುಕೊಳ್ಳುವಂತೆ ಮಾಡಿದ ನಿಯಮ ಅವರೊಬ್ಬರದೇ ಅಲ್ಲ ಎಂಬುದು, ಇಷ್ಟು ವರ್ಷ ಮಕ್ಕಳ ಪರವಾಗಿ ಅರ್ಜಿ ತುಂಬಿ ಕಳಿಸಿದ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಇದನ್ನು ನಿಮ್ಮೆಲ್ಲರ ಹೆಸರಿಗೆ ಬರೆದಿದ್ದೇನೆ.

ಕಳೆದ ಸಲದ ಪ್ರದರ್ಶನಕ್ಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಚಿತ್ರ ಕಳಿಸಿದ್ದಳು. ಐದು ಅಡಿ ಉದ್ದ, ನಾಲ್ಕು ಅಡಿ ಅಗಲ. ಅಡಿಕೆ ಸುಗ್ಗಿಯ ಒಂದು ರಾತ್ರಿ, ಬಲ್ಬಿನ ಬೆಳಕಿನಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತ ಐದಾರು ಹೆಂಗಸರು. ಮುಖಗಳು ಅರೆಗತ್ತಲಲ್ಲಿ, ಕೈಗಳು ಮಾತ್ರ ಬೆಳಕಿನಲ್ಲಿ. ಅವಳ ತಾಯಿ ಇಂದಿಗೂ ಹಂಗಾಮಿನಲ್ಲಿ ಅಡಿಕೆ ಸುಲಿಯಲು ಹೋಗುವವರು. ಸುಲಿದ ಕೈಗೆ ಹತ್ತುವ ಕಂದುಗಪ್ಪು ಕಲೆ ಸೋಪಿಗೆ ಹೋಗುವುದಿಲ್ಲ, ಸುಗ್ಗಿ ಮುಗಿದು ಚರ್ಮ ಬದಲಾಗುವವರೆಗೂ ಹಾಗೇ ಇರುತ್ತದೆ ಎಂಬುದು ನಮ್ಮ ಕಡೆಯ ಯಾರಿಗೂ ಹೇಳಬೇಕಾದ ಮಾತಲ್ಲ. ಈ ಹುಡುಗಿ ಚಿತ್ರ ಬರೆದದ್ದು ಆ ಕಲೆಯಿಂದಲೇ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರನ್ನು ಮತ್ತೆ ಕುದಿಸಿ ಮಂದ ಮಾಡಿಕೊಂಡಳು. ಒಂದು ಕೈ ಬಳಿದರೆ ಜೇನಿನ ಬಣ್ಣ, ಮೂರು ಕೈ ಬಳಿದರೆ ಇಟ್ಟಿಗೆಯ ಬಣ್ಣ, ಏಳೆಂಟು ಕೈ ಆದ ಮೇಲೆ ಹಳೆಯ ಬೀಟೆ ಮರದ ಬಣ್ಣ.

ಕಪ್ಪನ್ನು ಅವಳು ತಂದದ್ದು ಹೇಗೆ ಎಂಬುದನ್ನು ನಿಮ್ಮಲ್ಲಿ ಯಾರೂ ಕೇಳಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ತುಕ್ಕು ಹಿಡಿದ ಮೊಳೆಗಳನ್ನು ವಾರಗಟ್ಟಲೆ ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿ, ಆ ನೀರನ್ನು ಚೊಗರು ಬಳಿದ ಜಾಗದ ಮೇಲೆ ಕುಂಚದಿಂದ ಎಳೆದಳು. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶಕ್ಕೆ ಕಬ್ಬಿಣದ ಅಂಶ ತಾಗಿದೊಡನೆ ಕಂದು ಹೋಗಿ ಮಸಿಗಪ್ಪು ಬರುತ್ತದೆ. ಇದೇನೂ ಅವಳ ಮಾಟವಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ಗ್ರಂಥಗಳನ್ನೂ ದಸ್ತಾವೇಜುಗಳನ್ನೂ ಬರೆದ ಮಸಿ, ಹಳೆಯ ಚಿತ್ರಕಾರರು ರೇಖಾಚಿತ್ರಕ್ಕೆ ಬಳಸಿದ ಮಸಿ, ಇದೇ ರಸಾಯನದ್ದು. ಅಲ್ಲಿ ಮಾಚಿಕಾಯಿ, ಇಲ್ಲಿ ಅಡಿಕೆ, ಅಷ್ಟೇ ವ್ಯತ್ಯಾಸ. ಉಳಿದಂತೆ ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಸುಣ್ಣ. ಕ್ಯಾನ್ವಾಸಿನ ಬದಲು ಅಡಿಕೆ ತುಂಬುವ ಗೋಣಿಯನ್ನೇ ಬಿಚ್ಚಿ, ತೊಳೆದು, ಹೊಲಿದು, ಚೌಕಟ್ಟಿಗೆ ಬಿಗಿಯದೆ ಪರದೆಯಂತೆ ತೂಗುಬಿಡುವ ಹಾಗೆ ಮಾಡಿದ್ದಳು. ಗೋಣಿಗೆ ಮೊದಲು ಹುಣಸೆ ಬೀಜದ ಅಂಟು ಬಳಿದು, ಹುಳ ಹಿಡಿಯದಿರಲಿ ಎಂದು ಆ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದ್ದಳು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ನಮ್ಮಲ್ಲಿ ಮನೆಮನೆಯಲ್ಲಿ ಇರುವ ಅದೇ ಮೈಲುತುತ್ತ.

ಅರ್ಜಿಯಲ್ಲಿ ಮಾಧ್ಯಮ ಎಂಬ ಕಡೆ ತೈಲವರ್ಣ, ಅಕ್ರಿಲಿಕ್, ಜಲವರ್ಣ, ಟೆಂಪರಾ ಎಂದು ನಾಲ್ಕು ಹೆಸರು ಅಚ್ಚಾಗಿದ್ದವು. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಅವಳು ಯಾವುದಕ್ಕೂ ಹಾಕದೆ, ಅಂಚಿನ ಖಾಲಿ ಜಾಗದಲ್ಲಿ ಬಳಸಿದ ವಸ್ತುಗಳ ಹೆಸರು ಬರೆದಳು. ಹದಿನೈದು ದಿನಕ್ಕೆ ಉತ್ತರ ಬಂತು: ‘ಪೇಂಟಿಂಗ್ ವಿಭಾಗಕ್ಕೆ ಸಲ್ಲದು. ಕರಕುಶಲ ವಿಭಾಗಕ್ಕೆ ಪ್ರಯತ್ನಿಸಬಹುದು.’ ಕೆಳಗೆ ಒಂದು ಸಹಿ, ಒಂದು ಮೊಹರು. ಚಿತ್ರ ಹೇಗಿದೆ, ಎಲ್ಲಿ ಸೋತಿದೆ ಎಂಬ ಬಗ್ಗೆ ಒಂದಕ್ಷರವಿಲ್ಲ.

ಚಿತ್ರ ವಾಪಸು ತರಲು ಅವಳ ಜೊತೆಗೆ ನಾನೂ ಹೋಗಿದ್ದೆ. ಉಗ್ರಾಣದಲ್ಲಿ ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅವಳೇ ಕಂಡುಹಿಡಿದಳು. ಆಯ್ಕೆಯಾದ ತೈಲವರ್ಣದ ಚಿತ್ರಗಳ ಚೌಕಟ್ಟುಗಳಿಗೆ ಗೀರು ಬೀಳದಿರಲಿ ಎಂದು ಅವುಗಳ ಅಡಿಗೆ ಹಾಸಿದ್ದ ಗೋಣಿಗಳಲ್ಲಿ ಅದೂ ಒಂದಾಗಿತ್ತು. ಹಾಸಿದ ನೌಕರನನ್ನು ನಾನು ದೂರುವುದಿಲ್ಲ. ಅವನು ಪಾಪ, ತಿಳಿದ ಕೂಡಲೇ ಕೈಮುಗಿದ. ‘ಚಿತ್ರದ ಕಡೆ ಮೇಲಿತ್ತು, ಮೇಡಂ, ಆದರೆ ಇದು ಚಿತ್ರ ಅಂತ ನಮಗೆ ಯಾರೂ ಹೇಳಿರಲಿಲ್ಲ’ ಎಂದ. ಆ ಮಾತು ಅವನ ಮಟ್ಟಿಗೆ ನಿಜ. ಹೇಳಬೇಕಾದವರು ತಾವು, ತಾವು ಅದು ಚಿತ್ರವಲ್ಲ ಎಂದು ಬರೆದುಕೊಟ್ಟಿದ್ದಿರಿ.

ಮಾನ್ಯರೇ, ನನ್ನ ತಕರಾರು ಚಿತ್ರ ಆಯ್ಕೆಯಾಗಲಿಲ್ಲ ಎಂಬುದಲ್ಲ. ಆ ಚಿತ್ರದಲ್ಲಿ ನನಗೇ ಒಪ್ಪಿಗೆಯಾಗದ ಸಂಗತಿಗಳಿವೆ. ಎಡಗಡೆಯ ಇಬ್ಬರು ಹೆಂಗಸರ ಭುಜಗಳು ಗೋಡೆಗೆ ಅಂಟಿಕೊಂಡಂತಿವೆ, ಬಲ್ಬಿನ ಸುತ್ತಲಿನ ಸುಣ್ಣ ಸ್ವಲ್ಪ ಹೆಚ್ಚಾಯಿತು. ತೀರ್ಪುಗಾರರು ಇದನ್ನೆಲ್ಲ ನೋಡಿ ಬೇಡವೆಂದಿದ್ದರೆ ನಾನು ಅವಳಿಗೆ ಇನ್ನೊಂದು ಬರೆ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಚಿತ್ರ ತೀರ್ಪುಗಾರರ ಮುಂದೆ ಹೋಗುವ ಮೊದಲೇ, ಅರ್ಜಿಯ ಹಂತದಲ್ಲೇ, ವಸ್ತುವಿನ ಹೆಸರು ಓದಿ ಬದಿಗಿಡಲಾಯಿತು. ತಕರಾರು ಇರುವುದು ಅಲ್ಲಿ.

ತಾವು ಅಚ್ಚು ಹಾಕಿಸಿರುವ ಆ ನಾಲ್ಕು ಹೆಸರುಗಳಿಗೆ ಎಷ್ಟು ವಯಸ್ಸು ಎಂದು ಒಮ್ಮೆ ಯೋಚಿಸಬೇಕೆಂದು ಕೋರುತ್ತೇನೆ. ಅಕ್ರಿಲಿಕ್ ಬಣ್ಣ ಕಲಾವಿದರ ಕೈಗೆ ಅಂಗಡಿಯ ಸರಕಾಗಿ ಬಂದದ್ದು 1950ರ ದಶಕದ ಸುಮಾರಿಗೆ. ನನಗಿಂತ ಅದು ಹೆಚ್ಚೇನೂ ಹಿರಿಯದಲ್ಲ. ತೈಲವರ್ಣ ಹಳೆಯದು, ಒಪ್ಪಿದೆ. ಆದರೆ ಹಿಂಡಿದರೆ ಬರುವ ಟ್ಯೂಬಿನಲ್ಲಿ ಅದು ಸಿಗತೊಡಗಿದ್ದು 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಹಕ್ಕುಪತ್ರ ಪಡೆದ ಮೇಲೆ. ಅದಕ್ಕೆ ಮುಂಚೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಮೆಕ್ಸಿಕೋದ ಚಿತ್ರಕಾರ ಸಿಕೇರೊಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಕಾರ್ಯಾಗಾರ ತೆರೆದು ಕಾರಿಗೆ ಬಳಿಯುವ ಡ್ಯೂಕೊ ಬಣ್ಣವನ್ನು ಸುರಿದು, ಚಿಮ್ಮಿಸಿ ಚಿತ್ರ ಮಾಡಿಸುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಯುವಕರಲ್ಲಿ ಜಾಕ್ಸನ್ ಪೊಲಾಕ್ ಒಬ್ಬ. ಮುಂದೆ ಅವನು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಮನೆಗೆ ಬಳಿಯುವ ಎನಾಮೆಲ್ ಸುರಿದ. ನಮ್ಮ ಕಲಾಶಾಲೆಗಳ ಪಠ್ಯದಲ್ಲಿ ಅವನ ಹೆಸರಿದೆ. ಅವನು ಬಳಸಿದ ಬಣ್ಣದ ಹೆಸರು ಮಾತ್ರ ತಮ್ಮ ಅರ್ಜಿಯಲ್ಲಿಲ್ಲ.

ದೂರದ ಮಾತು ಬಿಡೋಣ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮೈಸೂರು ಶೈಲಿಯ ಚಿತ್ರಕ್ಕೆ ಹುಣಸೆ ಕಡ್ಡಿ ಸುಟ್ಟ ಇದ್ದಿಲು, ಅಳಿಲಿನ ಕೂದಲಿನ ಕುಂಚ, ಸಫೇದ ಎಂಬ ಬಿಳಿ ಪುಡಿ ಮತ್ತು ಗೋಂದು ಕಲಸಿದ ಗೆಸ್ಸೊ ಎಂಬ ಲೇಪ, ಅದರ ಮೇಲೆ ಚಿನ್ನದ ರೇಕು. ಕೊಪ್ಪಳದ ಕಿನ್ನಾಳದವರು ಸೆಣಬಿನ ಚಿಂದಿ, ಮರದ ಪುಡಿ, ಹುಣಸೆ ಬೀಜದ ಅಂಟು ಕಲಸಿ ಮರದ ಬೊಂಬೆಯ ಮೈಯನ್ನು ಬಣ್ಣಕ್ಕೆ ಸಿದ್ಧ ಮಾಡುತ್ತಾರೆ. ನನ್ನೂರಿನ ಸುತ್ತಲಿನ ದೀವರ ಸಮುದಾಯದ ಮನೆಗಳ ಹಸೆ ಗೋಡೆಯ ಚಿತ್ತಾರಕ್ಕೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಗುರಿಗೆ ಕಾಯಿಯ ಹಳದಿ, ಕುಂಚವಾಗಿ ಪುಂಡಿ ನಾರು. ಈ ಹುಡುಗಿಯ ಅಜ್ಜಿ ಅಂಥ ಗೋಡೆ ಬರೆದವಳು. ಹೀಗಿರುವಾಗ ಯಾವುದು ವಾಡಿಕೆಯ ಮಾಧ್ಯಮ, ಯಾವುದು ವಾಡಿಕೆ ತಪ್ಪಿದ್ದು ಎಂದು ತಾವು ನಿರ್ಧರಿಸಿದ್ದು ಯಾವ ಊರಿನಲ್ಲಿ ನಿಂತು?

‘ಅದೆಲ್ಲ ಜಾನಪದ, ಸಾಂಪ್ರದಾಯಿಕ; ನಮ್ಮದು ಸಮಕಾಲೀನ ಚಿತ್ರಕಲೆಯ ಪ್ರದರ್ಶನ’ ಎಂಬ ಉತ್ತರ ಬರಬಹುದು. ಸಮಕಾಲೀನರನ್ನೇ ನೋಡೋಣ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಶಾಂತಿನಿಕೇತನದಲ್ಲಿ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತದ್ದು ಚಿತ್ರಕಲೆಯನ್ನೇ. ತೈಲವರ್ಣದಲ್ಲಿ ಪಳಗಿದ ಆ ಕೈ 1990ರ ದಶಕದ ಆರಂಭದಲ್ಲಿ, ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದ ಹೊತ್ತಿನಲ್ಲಿ, ಸೆಗಣಿಯನ್ನು ಎತ್ತಿಕೊಂಡಿತು. ಮುಂದೆ ಅವರು ನೂರಾರು ಸೂಜಿಗಳಿಗೆ ದಾರ ಪೋಣಿಸಿ, ಆ ದಾರಗಳನ್ನು ಕುಂಕುಮ ಮತ್ತು ಅಂಟಿನಲ್ಲಿ ಅದ್ದಿ, ಕೆಂಪು ಹಗ್ಗಗಳಾಗಿ ಗೋಡೆಯ ಮೇಲೆ ಹರಿಯಬಿಟ್ಟರು. ನಿಂತು ನೋಡಿದರೆ ಅದು ಗಾಳಿಯಲ್ಲಿ ಎಳೆದ ರೇಖೆ. ತುದಿಗೆ ಹೋದರೆ ಸೂಜಿಗಳ ಗೊಂಚಲು. 2009ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ ಅವರು ಒಯ್ದದ್ದು ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ ಮತ್ತು ಕಾರಿನ ಬಂಪರುಗಳನ್ನು. ದೃಷ್ಟಿಯಾಗದಿರಲಿ ಎಂದು ನಮ್ಮ ಲಾರಿ, ಕಾರುಗಳಿಗೆ ಕಟ್ಟುವ ಕೂದಲ ಹಗ್ಗ ಅದು.

ಬೆಂಗಳೂರಿನ ಅಕ್ಕಸಾಲಿಗ ಮನೆತನದಿಂದ ಬಂದ ಪ್ರಭಾವತಿ ಮೇಪ್ಪಾಯಿಲ್ ಅವರ ಚಿತ್ರಗಳನ್ನು ತಾವು ಹತ್ತಿರದಿಂದ ನೋಡಿದ್ದೀರಾ? ಹಲಗೆಯ ಮೇಲೆ ಪದರ ಪದರವಾಗಿ ಬಿಳಿ ಗೆಸ್ಸೊ ಬಳಿದು, ಅದರೊಳಗೆ ತಾಮ್ರದ ತಂತಿಗಳನ್ನು ಹುದುಗಿಸಿ ಮತ್ತೆ ಉಜ್ಜುತ್ತಾರೆ. ಇಲ್ಲವೇ ಬಳೆಯ ಮೇಲೆ ನಮೂನೆ ಕೊರೆಯಲು ಅಕ್ಕಸಾಲಿಗರು ಬಳಸುವ ತಿನ್ನಂ ಎಂಬ ಉಳಿಯಿಂದ ಸಾವಿರಾರು ಗುರುತುಗಳನ್ನು ಸಾಲಾಗಿ ಒತ್ತುತ್ತಾರೆ. ಬಣ್ಣವೆಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕುಂಚದ ಜಾಗದಲ್ಲಿ ತಂದೆಯ ಕಸುಬಿನ ಉಪಕರಣ. 2013ರಲ್ಲಿ ವೆನಿಸ್ ಬಿಯೆನಾಲೆ ಅವರನ್ನು ಕರೆಯಿತು. ತಮ್ಮ ಅರ್ಜಿಯಲ್ಲಿ ಅವರು ಯಾವ ಚೌಕಕ್ಕೆ ಗುರುತು ಹಾಕಬೇಕು? ಸಿಂದಗಿಯ ಜಿ. ಆರ್. ಈರಣ್ಣ ಕ್ಯಾನ್ವಾಸ್ ಬಿಟ್ಟು ಟಾರ್ಪಾಲಿನ ಮೇಲೆ ಬರೆದರು, ಬೂದಿಯನ್ನು ದ್ರವ್ಯವಾಗಿಸಿಕೊಂಡರು. ಮುಂಬಯಿಯ ಅತುಲ್ ದೋಡಿಯಾ ಅಂಗಡಿಗಳ ಕಬ್ಬಿಣದ ಶಟರುಗಳ ಮೇಲೆ ಎನಾಮೆಲ್ಲಿನಲ್ಲಿ ಚಿತ್ರ ಬರೆದರು. ಶಟರು ಇಳಿಸಿದರೆ ಒಂದು ಚಿತ್ರ, ಎತ್ತಿದರೆ ಹಿಂದೆ ಇನ್ನೊಂದು.

ಗೋಣಿಯ ವಿಷಯಕ್ಕೆ ಬಂದರೆ, ಇಟಲಿಯ ಆಲ್ಬೆರ್ತೊ ಬುರ್ರಿಯನ್ನು ನೆನೆಯದೆ ಇರಲಾರೆ. ಆತ ಸೇನೆಯ ವೈದ್ಯ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಅಮೆರಿಕದ ಟೆಕ್ಸಸ್ಸಿನ ಹೆರೆಫರ್ಡ್ ಶಿಬಿರದಲ್ಲಿದ್ದಾಗ ಗೋಣಿಯ ಮೇಲೆ ಚಿತ್ರ ಬರೆಯಲು ಶುರುಮಾಡಿದ. ಊರಿಗೆ ಮರಳಿದ ಮೇಲೆ ವೈದ್ಯಕೀಯಕ್ಕೆ ಹಿಂದಿರುಗಲಿಲ್ಲ. ಹರಿದ ಗೋಣಿಗಳನ್ನು ತೇಪೆ ಹಾಕಿ ಹೊಲಿದು, ಆ ಹೊಲಿಗೆಯನ್ನೇ ಗಾಯದಂತೆ ಕಾಣಿಸಿದ. ಅವನ ಕೃತಿಗಳು ಇಂದು ಅವನ ಹುಟ್ಟೂರಾದ ಚಿತ್ತಾ ದಿ ಕಾಸ್ತೆಲ್ಲೊದಲ್ಲಿ, ಒಂದು ಕಾಲಕ್ಕೆ ಹೊಗೆಸೊಪ್ಪು ಒಣಗಿಸುತ್ತಿದ್ದ ದೊಡ್ಡ ದೊಡ್ಡ ಕೊಟ್ಟಿಗೆಗಳಲ್ಲೂ ಇವೆ. ನಾನು ಅಲ್ಲಿಗೆ ಹೋದವನಲ್ಲ, ಹೋಗುವವನೂ ಅಲ್ಲ; ಆದರೆ ಆ ಕಟ್ಟಡಗಳ ಚಿತ್ರ ನೋಡಿದಾಗಲೆಲ್ಲ ನಮ್ಮ ಅಡಿಕೆ ಅಂಗಳಗಳು ಕಣ್ಣಿಗೆ ಬರುತ್ತವೆ. ನಮ್ಮಲ್ಲಿ ಮಾತ್ರ ಗೋಣಿಯ ಚಿತ್ರ ಚೌಕಟ್ಟುಗಳ ಕೆಳಗೆ ಹಾಸಾಯಿತು.

ನನ್ನ ಮನಸ್ಸಿಗೆ ಹೆಚ್ಚು ಚುಚ್ಚಿದ ಸಂಗತಿ ಇನ್ನೊಂದಿದೆ. ಅದೇ ಸಂಸ್ಥೆಯ ಸಭಾಂಗಣದಲ್ಲಿ ಹಿಂದೊಮ್ಮೆ ನಡೆದ ವಿಚಾರ ಸಂಕಿರಣದಲ್ಲಿ ನಾನು ಕೂತು ಕೇಳಿದ್ದೆ. ಜರ್ಮನಿಯ ಆನ್ಸೆಲ್ಮ್ ಕೀಫರ್ ಹುಲ್ಲು, ಬೂದಿ, ಸೀಸದ ತಗಡುಗಳನ್ನು ಚಿತ್ರಕ್ಕೆ ತಂದ ಬಗೆ, ಆನೆಯ ಲದ್ದಿಯನ್ನು ಚಿತ್ರಗಳಲ್ಲಿ ಬಳಸಿದ ಬ್ರಿಟನ್ನಿನ ಕ್ರಿಸ್ ಒಫಿಲಿಗೆ 1998ರಲ್ಲಿ ಟರ್ನರ್ ಪ್ರಶಸ್ತಿ ಬಂದ ಬಗೆ, ಎಲ್ಲವನ್ನೂ ದೊಡ್ಡ ಪರದೆಯ ಮೇಲೆ ತೋರಿಸಿ ಭಾಷಣಕಾರರೊಬ್ಬರು ಒಂದೂವರೆ ಗಂಟೆ ಮಾತಾಡಿದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ನೋಡುವ ಯೋಗ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಸಂಸ್ಥೆಯ ಹಿರಿಯರೊಬ್ಬರು, ಉಗ್ರಾಣದ ಘಟನೆ ಕೇಳಿ ನಿಜವಾಗಿಯೂ ನೊಂದುಕೊಂಡವರು, ನನಗೆ ಬೇರೊಂದು ಕಾರಣ ಹೇಳಿದರು. ‘ಮೇಷ್ಟ್ರೇ, ಇಂಥವು ಬಾಳುವುದಿಲ್ಲ. ಬೂಷ್ಟು ಬರುತ್ತದೆ, ಹುಳ ಬೀಳುತ್ತದೆ. ಬಹುಮಾನ ಬಂದ ಕೃತಿ ನಮ್ಮ ಸಂಗ್ರಹಕ್ಕೆ ಸೇರುತ್ತದೆ. ಹತ್ತು ವರ್ಷದ ಮೇಲೆ ಅದನ್ನು ಕಾಪಾಡುವವರು ಯಾರು?’ ಇದು ತಳ್ಳಿಹಾಕುವ ಮಾತಲ್ಲ. ಸೆಣಬು ಹತ್ತಿಯಷ್ಟು ಬಾಳುವುದಿಲ್ಲ, ಕಬ್ಬಿಣದ ಮಸಿ ಕಾಲಾಂತರದಲ್ಲಿ ಕಾಗದವನ್ನೇ ತಿಂದ ಉದಾಹರಣೆಗಳಿವೆ, ಮಲೆನಾಡಿನ ಮಳೆಗಾಲದಲ್ಲಿ ಗೋಡೆಯ ಕ್ಯಾಲೆಂಡರಿಗೂ ಬೂಷ್ಟು ಹಿಡಿಯುತ್ತದೆ. ಆದರೆ ಬಾಳಿಕೆಗೆ ಮಾಧ್ಯಮದ ಹೆಸರು ಜಾಮೀನಾಗುವುದಿಲ್ಲ. ಲಿಯೊನಾರ್ಡೊ ತನ್ನ ‘ಕೊನೆಯ ಭೋಜನ’ವನ್ನು ಒಣ ಗೋಡೆಯ ಮೇಲೆ ಹೊಸ ಕ್ರಮದಲ್ಲಿ ಬರೆಯಲು ಹೋಗಿ, ಅವನು ಬದುಕಿರುವಾಗಲೇ ಅದು ಹಕ್ಕಳೆ ಏಳತೊಡಗಿತು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೊ 1960ರ ದಶಕದ ಆರಂಭದಲ್ಲಿ ಬರೆದುಕೊಟ್ಟ ದೊಡ್ಡ ಚಿತ್ರಗಳು ಕ್ಯಾನ್ವಾಸಿನ ಮೇಲಿದ್ದವು. ಅವುಗಳಲ್ಲಿನ ಲಿಥಾಲ್ ಕೆಂಪು ಎಂಬ ಬಣ್ಣ ಕಿಟಕಿಯ ಬಿಸಿಲಿಗೆ ಬಿಳಚಿಕೊಂಡು, 1979ರ ಹೊತ್ತಿಗೆ ಅವನ್ನೆಲ್ಲ ಇಳಿಸಿ ಕತ್ತಲೆಯ ಕೋಣೆಗೆ ಸೇರಿಸಬೇಕಾಯಿತು. ಆ ಹುಡುಗಿ ಅಂಟಿಗೆ ಮೈಲುತುತ್ತ ಸೇರಿಸಿದ್ದಳು ಎಂದೆನಲ್ಲ, ತಾವು ಸುರಕ್ಷಿತವೆಂದು ಒಪ್ಪಿಕೊಂಡ ಎಷ್ಟು ಜಲವರ್ಣಗಳನ್ನು ಬರೆದವರು ಹುಳದ ಬಗ್ಗೆ ಅಷ್ಟು ಯೋಚಿಸಿದ್ದರು?

ಇಷ್ಟು ಹೇಳಿದ ಮೇಲೆ, ನಾನು ಎಲ್ಲ ವಿಚಿತ್ರ ಸಾಮಗ್ರಿಯ ವಕೀಲನಲ್ಲ ಎಂಬುದನ್ನೂ ಹೇಳಬೇಕು. ಕಾಫಿಪುಡಿಯಲ್ಲಿ ನಾಯಕರ ಮುಖ, ಬೆಂಕಿಕಡ್ಡಿಯಲ್ಲಿ ತಾಜಮಹಲು, ಇಷ್ಟು ಸಾವಿರ ಗುಂಡಿಗಳಲ್ಲಿ ದೇಶದ ನಕ್ಷೆ ಎಂದು ದಾಖಲೆಗಾಗಿ ಮಾಡುವ ಕಸರತ್ತುಗಳನ್ನು ಕಂಡರೆ ನನಗೆ ಆಯಾಸವಾಗುತ್ತದೆ. ಅಲ್ಲಿ ಕಾಫಿಪುಡಿಯ ಬದಲು ಬೆಲ್ಲ ಹಾಕಿದರೂ ಮುಖ ಅದೇ. ವಸ್ತುವಿಗೆ ಚಿತ್ರದೊಳಗೆ ಕೆಲಸವಿಲ್ಲ, ಪತ್ರಿಕೆಯ ಸುದ್ದಿಯಲ್ಲಿ ಮಾತ್ರ ಕೆಲಸ. ಅಡಿಕೆ ಸುಲಿಯುವ ಕೈಯನ್ನು ಆ ಕೈಗೆ ಹತ್ತಿದ ಕಲೆಯಿಂದಲೇ ಬರೆದಾಗ, ಚೊಗರನ್ನು ತೆಗೆದು ಬರ್ಂಟ್ ಸಿಯೆನ್ನಾ ಎಂಬ ಅಂಗಡಿಯ ಕಂದು ಬಣ್ಣ ಹಾಕಿದರೆ ಚಿತ್ರದ ಜೀವವೇ ಹೋಗುತ್ತದೆ. ಈ ಎರಡರ ನಡುವಿನ ಅಂತರ ಗುರುತಿಸುವುದು ಕಷ್ಟದ ಕೆಲಸ. ಕಷ್ಟವೆಂದೇ ತೀರ್ಪುಗಾರರನ್ನು ಕೂರಿಸುತ್ತೇವೆ. ಅರ್ಜಿಯ ನಾಲ್ಕು ಚೌಕಗಳು ಆ ಕಷ್ಟವನ್ನು ಅವರಿಂದ ಕಸಿದುಕೊಂಡು ಗುಮಾಸ್ತರ ಮೇಜಿಗೆ ವರ್ಗಾಯಿಸಿಬಿಟ್ಟಿವೆ.

ದುಡ್ಡಿನ ಮಾತನ್ನು ಹೆಚ್ಚು ಎಳೆಯುವುದಿಲ್ಲ. ಹೊರದೇಶದ ತೈಲವರ್ಣದ ಒಂದು ಪುಟ್ಟ ಟ್ಯೂಬಿನ ಬೆಲೆ ತಮಗೂ ಗೊತ್ತು, ಅಡಿಕೆ ಸುಲಿಯುವವರ ಕೂಲಿ ಏನೆಂದು ನನಗೂ ಗೊತ್ತು. ಆದರೂ ಅವಳು ಬಡತನದಿಂದಾಗಿ ಚೊಗರು ಬಳಸಿದಳು ಎಂದು ದಯವಿಟ್ಟು ಯಾರೂ ಕನಿಕರ ತೋರಬಾರದು. ಅವಳ ಬಳಿ ಅಕ್ರಿಲಿಕ್ ಡಬ್ಬಿಗಳಿದ್ದವು. ಮೊದಲ ಎರಡು ಸಲ ಆ ಚಿತ್ರವನ್ನು ಅಕ್ರಿಲಿಕ್ಕಿನಲ್ಲೇ ಬರೆದು, ಕೈಗಳು ತೊಳೆದ ಹಾಗೆ ಕಾಣುತ್ತಿವೆ ಎಂದು ಸಿಟ್ಟಿನಿಂದ ಅಳಿಸಿಹಾಕಿದ್ದಳು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ವಿನಂತಿ: ಮಾಧ್ಯಮದ ಕಲಮಿನಲ್ಲಿರುವ ಅಚ್ಚಿನ ಹೆಸರುಗಳನ್ನು ತೆಗೆದು, ಅಲ್ಲೊಂದು ಖಾಲಿ ಗೆರೆ ಬಿಡಿ, ಏನು ಬಳಸಿದೆ ಎಂಬುದನ್ನು ಬರೆದವರೇ ಬರೆಯಲಿ. ಬಾಳಿಕೆಯ ಬಗ್ಗೆ ತಮಗಿರುವ ಆತಂಕ ನ್ಯಾಯವಾದದ್ದಾದ್ದರಿಂದ, ಕೃತಿಯನ್ನು ಯಾವ ವಸ್ತುಗಳಿಂದ, ಯಾವ ಕ್ರಮದಲ್ಲಿ ಮಾಡಲಾಗಿದೆ, ಹೇಗೆ ತೂಗಬೇಕು, ಏನು ತಾಗಬಾರದು ಎಂಬುದನ್ನು ಅರ್ಧ ಪುಟದಲ್ಲಿ ಬರೆದುಕೊಡುವಂತೆ ಎಲ್ಲ ಕಲಾವಿದರನ್ನೂ, ತೈಲವರ್ಣದವರನ್ನೂ ಸೇರಿಸಿ, ಕೇಳಿರಿ. ಸೀಸ, ಡಾಂಬರು, ಕೊಳೆಯುವ ವಸ್ತುಗಳಿದ್ದರೆ ಆ ಟಿಪ್ಪಣಿಯಲ್ಲೇ ತಿಳಿಯುತ್ತದೆ. ನಿಜಕ್ಕೂ ಅಪಾಯಕಾರಿಯಾದದ್ದನ್ನು ಕಾರಣ ಕೊಟ್ಟು ನಿರಾಕರಿಸುವ ಹಕ್ಕು ತಮಗಿದ್ದೇ ಇದೆ. ಆ ಟಿಪ್ಪಣಿಯ ಒಂದು ಪ್ರತಿ ಕೃತಿಯ ಜೊತೆಗೇ ಉಗ್ರಾಣಕ್ಕೆ ಹೋಗಲಿ. ಹೋಗಿದ್ದರೆ ಆ ನೌಕರ ಕೈಮುಗಿಯಬೇಕಾಗಿರಲಿಲ್ಲ.

ತೀರ್ಪುಗಾರರಲ್ಲಿ ಒಬ್ಬರಾದರೂ ಟ್ಯೂಬಿನ ಬಣ್ಣದ ಆಚೆ ಕೆಲಸ ಮಾಡಿದವರಿರಲಿ ಎಂಬುದು ಇನ್ನೊಂದು ಕೋರಿಕೆ. ಈ ರಾಜ್ಯದಲ್ಲಿ ಅಂಥವರಿಗೆ ಬರವಿಲ್ಲ. ತಿರಸ್ಕರಿಸಿದ ಕೃತಿಗಳಿಗೆ ಎರಡೇ ಸಾಲಿನ ಕಾರಣವಾದರೂ ಬರೆದು ಕಳಿಸಿ. ಅದು ಚಿತ್ರದ ಕುರಿತಾಗಿರಲಿ. ಇನ್ನು ಕರಕುಶಲ ವಿಭಾಗದ ಮಾತು. ಅಲ್ಲಿಗೆ ಕಳಿಸಿರೆಂದು ಬರೆದವರು ಅದನ್ನು ಅವಮಾನವೆಂದು ಭಾವಿಸಿ ಬರೆದಿದ್ದರೆ, ಅವರು ಚಿತ್ರಕಾರರನ್ನಷ್ಟೇ ಅಲ್ಲ, ಕಿನ್ನಾಳದವರನ್ನೂ ಚಿತ್ತಾರದವರನ್ನೂ ಕೀಳಾಗಿ ಕಂಡಂತಾಯಿತು. ಆ ವಿಭಾಗವನ್ನು ಬೇಡವಾದದ್ದನ್ನು ಎಸೆಯುವ ಮೂಲೆಯನ್ನಾಗಿ ಮಾಡಬೇಡಿ.

ಚಿತ್ರ ಈಗ ನಮ್ಮ ಮನೆಯ ಜಗಲಿಯಲ್ಲಿದೆ. ಉಗ್ರಾಣದಲ್ಲಿ ಮೇಲಿಟ್ಟಿದ್ದ ಚೌಕಟ್ಟಿನ ಮೂಲೆ ಒತ್ತಿದ ಕಡೆ ಸುಣ್ಣ ಉದುರಿ ಎರಡು ಬೆರಳಗಲ ಗೋಣಿ ಕಾಣುತ್ತಿತ್ತು. ಅವಳು ಅದನ್ನು ಸರಿಪಡಿಸಲು ಒಪ್ಪದೆ, ಆ ಜಾಗದ ಸುತ್ತ ದಬ್ಬಣದಿಂದ ಒಂದು ಹೊಲಿಗೆ ಹಾಕಿದ್ದಾಳೆ. ಎಡಗಡೆಯ ಇಬ್ಬರ ಭುಜಗಳನ್ನು ಮಾತ್ರ ನನ್ನ ಮಾತಿಗೆ ಕಿವಿಗೊಟ್ಟು ಮತ್ತೆ ಬರೆದಿದ್ದಾಳೆ. ಮುಂದಿನ ಸಲದ ಅರ್ಜಿ ನಮೂನೆ ತಮ್ಮಲ್ಲಿ ಅಚ್ಚಿಗೆ ಹೋಗುವ ಮೊದಲು ಈ ಪತ್ರಕ್ಕೆ ಉತ್ತರ ಬರುತ್ತದೆಂದು ನಂಬಿದ್ದೇನೆ. ಬಂದರೂ ಬಾರದಿದ್ದರೂ ಅವಳು ಅದೇ ಚಿತ್ರವನ್ನು, ಅದೇ ವಿಭಾಗಕ್ಕೆ, ಮಾಧ್ಯಮದ ಕಲಮಿನಲ್ಲಿ ‘ಅಡಿಕೆ ಚೊಗರು, ತುಕ್ಕಿನ ನೀರು, ಕೆಮ್ಮಣ್ಣು, ಸುಣ್ಣ, ಗೋಣಿ’ ಎಂದು ಬರೆದು ಮತ್ತೆ ಕಳಿಸಲಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ